ಮೂಲೆಯಲ್ಲಿ ಕುಳಿತು ನೋಡಿದ ಆಟ

ಪರವೂರಿನ ತಂಡ ಆಡಲು ಬಂದರೆ ಅದಕ್ಕೆ ಊಟ ಹಾಕುವ ಹೊಣೆ ಊರಿನದು. ಕಡೂರು ತಾಲೂಕಿನ ನಮ್ಮ ಸಿಂಗಟಗೆರೆ ಕಡೆಯ ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ನಾವು ಕಂಡು ಬೆಳೆದ ಪದ್ಧತಿ ಇದು. ಅಂಕಣದ ಸುತ್ತ ಇರುತ್ತಿದ್ದದ್ದು ಒಂದು ಹಗ್ಗ ಮಾತ್ರ. ಅದರಾಚೆ ಎರಡೂ ಊರಿನವರು ಬೆರೆತು ಕೂರುತ್ತಿದ್ದರು. ಮಾತಿನ ಚಕಮಕಿ ಇತ್ತು, ಒಮ್ಮೊಮ್ಮೆ ಕೈ ಮಿಲಾಯಿಸುವುದೂ ಇತ್ತು. ಆದರೆ ಬಂದವರು ಹಸಿದು ಹೋದರೆ ಅವಮಾನ ಊರಿಗೇ ಎಂಬ ಅಂಜಿಕೆ ಎಲ್ಲರಲ್ಲೂ ಇತ್ತು.

ಈ ನೆನಪನ್ನು ಹೊತ್ತುಕೊಂಡೇ ನಾವು ಕೆಲವರು ಕಡೂರಿನಲ್ಲಿ ರೈಲು ಹತ್ತಿ, ಬೆಂಗಳೂರು ಎಫ್‌ಸಿ ತಂಡದ ನೀಲಿ ಅಂಗಿ ತೊಟ್ಟು, ಪರರಾಜ್ಯದ ಮಹಾನಗರವೊಂದರ ಫುಟ್ಬಾಲ್ ಕ್ರೀಡಾಂಗಣಕ್ಕೆ ಹೋಗಿದ್ದೆವು. ನಗರದ ಹೆಸರು ಮುಖ್ಯವಲ್ಲ. ಹೊನಲು ಬೆಳಕು, ದೈತ್ಯ ಪರದೆ, ಹಸಿರು ಹಾಸು ಎಲ್ಲವೂ ಕಣ್ಣು ಕೋರೈಸುವಂತಿದ್ದವು. ಆದರೆ ನಮಗೆಂದೇ ಬೇರೆ ಬಾಗಿಲು, ಬೇರೆ ತಪಾಸಣೆ. ನೀರಿನ ಬಾಟಲಿ ಹೋಯಿತು, ಜೇಬಿನ ಚಿಲ್ಲರೆ ಹೋಯಿತು. ಬಾವುಟವನ್ನು ಬಿಡಿಸಿ, ತಿರುಗಿಸಿ ನೋಡಿದರು. ಕೊನೆಗೆ ಒಂದು ಮೂಲೆ ಸಿಕ್ಕಿತು. ಸುತ್ತ ಬಲೆ, ಎರಡೂ ಬದಿಯಲ್ಲಿ ಖಾಲಿ ಬಿಟ್ಟ ಸಾಲುಗಳು, ಆಟದತ್ತ ಬೆನ್ನು ಮಾಡಿ ನಮ್ಮನ್ನೇ ನೋಡುತ್ತ ನಿಂತ ಪೊಲೀಸರು. ಪಂದ್ಯ ಮುಗಿದ ಮೇಲೂ ಆತಿಥೇಯರೆಲ್ಲ ಹೊರಹೋಗುವವರೆಗೆ ಏಳುವಂತಿರಲಿಲ್ಲ.

ನಮ್ಮ ತಂಡ ಗೋಲು ಹೊಡೆದಾಗ ಇಡೀ ಕ್ರೀಡಾಂಗಣ ಸ್ತಬ್ಧವಾಯಿತು. ಆ ಮೌನದಲ್ಲಿ ನಮ್ಮ ಕೂಗು ನಮಗೇ ವಿಚಿತ್ರವಾಗಿ ಕೇಳಿಸಿತು. ಸಂತೋಷಪಡುವಾಗಲೂ ಅಕ್ಕಪಕ್ಕ ನೋಡಿಕೊಳ್ಳಬೇಕಾದ ಸ್ಥಿತಿ ಎಂಥದೆಂದು ಆಗ ತಿಳಿಯಿತು.

ಈ ಬಂದೋಬಸ್ತಿಗೆ ಕಾರಣವಿಲ್ಲ ಎಂದು ನಾವು ಹೇಳುವುದಿಲ್ಲ. 1980ರ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್–ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ನಡೆದ ಗಲಭೆಯಲ್ಲಿ 16 ಮಂದಿ ಸತ್ತರು. ಅರ್ಜೆಂಟೀನಾ 2013ರಲ್ಲಿ ಪರವೂರಿನ ಅಭಿಮಾನಿಗಳಿಗೆ ಕ್ರೀಡಾಂಗಣದ ಬಾಗಿಲನ್ನೇ ಮುಚ್ಚಿತು. ಆದರೆ ಬೇಲಿಯೂ ಕೊಲ್ಲುತ್ತದೆ ಎಂಬುದನ್ನು ಮರೆಯಬಾರದು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಬೇಲಿಗೆ ಒತ್ತಲ್ಪಟ್ಟು ನಲುಗಿದರು. ಆ ದುರಂತಕ್ಕೆ ಬಲಿಯಾದವರು 97 ಮಂದಿ. ಮೊದಲು ದೂಷಿಸಿದ್ದು ಸತ್ತವರನ್ನೇ. ಅವರ ತಪ್ಪಿರಲಿಲ್ಲ ಎಂದು ತೀರ್ಪು ಬರಲು 2016ರವರೆಗೆ ಕಾಯಬೇಕಾಯಿತು. ಬಂದವನನ್ನು ಅತಿಥಿಯೆಂದಲ್ಲ, ಶಂಕಿತನೆಂದೇ ನೋಡುವ ಕಣ್ಣಿಗೆ ಅವನು ಉಸಿರುಗಟ್ಟುತ್ತಿರುವುದೂ ಗಲಾಟೆಯಂತೆಯೇ ಕಾಣುತ್ತದೆ. ಅದೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2016–17ರಿಂದ ಪರವೂರಿನ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡ್‌ಗಳ ಮಿತಿ ಹಾಕಿತು. ಅವರಿಲ್ಲದೆ ಆಟಕ್ಕೆ ಕಳೆಯಿಲ್ಲ ಎಂದು ಒಪ್ಪಿಕೊಂಡಂತಾಯಿತು.

ಊರು ಬಿಟ್ಟು ಹೋಗಿ ಆಡುವುದು ನಮಗೇನೂ ಹೊಸದಲ್ಲ. 1891ರಲ್ಲಿ ಆರಂಭವಾದ ಮುಂಬೈಯ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. ಹೆಸರು ಒಂದು ಸಮುದಾಯದ್ದು, ಆದರೆ ಪರವೂರಿಗೆ ಹೊತ್ತೊಯ್ದದ್ದು ಬೆಂಗಳೂರಿನ ಹೆಸರನ್ನು. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಕಿಂಗ್ ಫಹದ್ ಕ್ರೀಡಾಂಗಣದ ಆ ಫೈನಲ್‌ನಲ್ಲಿ ಎರಡೂ ತಂಡಗಳು ಪರವೂರಿನವೇ. ಮೂಲೆಗೆ ಸರಿಯಬೇಕಾದವರು ಯಾರೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರೀ ದೂರಾದೀತು. ನಮ್ಮ ತಪ್ಪನ್ನೂ ಹೇಳಬೇಕು. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಕೇರಳ ಬ್ಲಾಸ್ಟರ್ಸ್ ಬಂದಾಗ ಹಳದಿ ಅಂಗಿಯವರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. 2023ರ ಮಾರ್ಚ್ 3ರಂದು ಸುನಿಲ್ ಛೆಟ್ರಿ ಹೊಡೆದ ಫ್ರೀಕಿಕ್ ಗೋಲನ್ನು ಒಪ್ಪದೆ ಆ ತಂಡ ಮೈದಾನ ಬಿಟ್ಟು ನಡೆದದ್ದು ಇದೇ ಅಂಗಳದಲ್ಲಿ. ಅಂಥ ಪಂದ್ಯಗಳ ಕಾವಿನಲ್ಲಿ 'ನಿಮ್ಮ ಊರಿಗೆ ಹೋಗಿ' ಎಂದು ನಾವೂ ಕೂಗಿದ್ದೇವೆ. ಆದರೆ ಆ ಹಳದಿ ಅಂಗಿಯವರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲೇ ದುಡಿಯುವವರು, ಬಾಡಿಗೆ ಕಟ್ಟುವವರು, ನಮ್ಮ ಪಕ್ಕದ ಮನೆಯವರು. ಅವರು ಯಾವ ಊರಿಗೆ ಹೋಗಬೇಕಿತ್ತು? ಆಟದ ಸಿಟ್ಟು ಅಂಗಿಯನ್ನು ದಾಟಿ ಮನುಷ್ಯನ ಭಾಷೆಗೆ, ನೆಲೆಗೆ ತಾಗಿದ ಮೇಲೆ ಅದನ್ನು ಅಭಿಮಾನ ಎನ್ನಲಾಗದು.

ಸಾವಿರ ಆಸನಗಳ ನಡುವೆ ಬಲದಿಂದ ಕೂಗುವವನಿಗೆ ತನ್ನ ಧ್ವನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಮೂಲೆಯಲ್ಲಿ ಕುಳಿತವನಿಗೆ ತಿಳಿಯುತ್ತದೆ. ಹೆಚ್ಚಿನ ಸಂಖ್ಯೆಯಲ್ಲಿರುವುದೇ ಹಕ್ಕು ಎಂದು ತಿಳಿದವರೆಲ್ಲ ಒಮ್ಮೆಯಾದರೂ ಅಲ್ಲಿ ಕುಳಿತು ಬರಬೇಕು ಅನ್ನಿಸುತ್ತದೆ. ಕ್ರೀಡಾಂಗಣ ಕಟ್ಟುವವರಿಂದ ನಾವು ಕೇಳುವುದು ಹೆಚ್ಚೇನಲ್ಲ. ಆ ಮೂಲೆಯಲ್ಲೂ ಕುಡಿಯುವ ನೀರು, ಶುಚಿಯಾದ ಶೌಚಾಲಯ, ತುರ್ತಿನಲ್ಲಿ ತೆರೆಯುವ ಬಾಗಿಲು, ಅವರ ನುಡಿಯಲ್ಲೊಂದು ಸ್ವಾಗತದ ಮಾತು.

ಸಿಂಗಟಗೆರೆಯ ಆ ಹಗ್ಗ ಇಷ್ಟು ದೊಡ್ಡ ಜನಸಾಗರಕ್ಕೆ ಸಾಲದು, ನಿಜ. ಆದರೆ ಬಂದವರಿಗೆ ಊಟ ಹಾಕಿದ ಮರ್ಯಾದೆ ಯಾವ ಕ್ರೀಡಾಂಗಣಕ್ಕೂ ಭಾರವಾಗದು. ಮುಂದಿನ ಬಾರಿ ಕಂಠೀರವದ ಬಾಗಿಲಲ್ಲಿ ಹಳದಿ ಅಂಗಿಯವರು ಎದುರಾದರೆ, ಮೊದಲು ಊಟವಾಯಿತೇ ಎಂದು ಕೇಳಬೇಕೆಂದುಕೊಂಡಿದ್ದೇವೆ. ಕೂಗಾಟ ಆಮೇಲೆ ಇದ್ದೇ ಇದೆ.