ಒಂದು ದಂಗೆ, ಹಲವು ಹೆಸರುಗಳು

1837ನೆಯ ಇಸವಿಯಲ್ಲಿ ಸುಳ್ಯ–ಪುತ್ತೂರು ಸೀಮೆಯಿಂದೆದ್ದು ಮಂಗಳೂರಿನವರೆಗೆ ಹಬ್ಬಿದ ದಂಗೆಯನ್ನು ಕುರಿತು ಕನ್ನಡದಲ್ಲಿ ಬರಹಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವುಗಳನ್ನು ಒಂದರೊಡನೊಂದನ್ನಿಟ್ಟು ತೂಗಿ ನೋಡುವ ವಿಮರ್ಶೆಗೆ. ಕಂಪೆನಿಯವರ ಕಡೆಯ ಬರಹಗಳಿಗೆ ಅದು ಕೊಡಗಿನ ದಂಗೆ. ಘಟ್ಟದ ಕೆಳಗಿನ ಹಿರಿಯರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’. ಈಚಿನ ಗ್ರಂಥಕರ್ತರಿಗೆ ‘ಅಮರ ಸುಳ್ಯದ ಸ್ವಾತಂತ್ರ್ಯ ಸಮರ’. ಹೆಸರನ್ನು ಆರಿಸಿಕೊಂಡವನು ತನಗರಿವಿಲ್ಲದೆಯೇ ಪಕ್ಷವನ್ನೂ ಆರಿಸಿಕೊಳ್ಳುತ್ತಾನೆ.

ದಂಗೆಯ ಕಾರಣಗಳು ಸ್ಪಷ್ಟವಾಗಿವೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿಯು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಹೊರಟ ಜನ ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಹೊಕ್ಕರು. ಸುಮಾರು 13 ದಿವಸ ಆ ಪಟ್ಟಣ ಅವರ ಕೈಯಲ್ಲಿತ್ತು. ಬಳಿಕ ಕಂಪೆನಿಯ ದಂಡು ಬಂದಿತು, ನೇಣುಗಂಬಗಳೂ ಎದ್ದವು.

ಜನ ಬಳಸುವ ಹೆಸರಿನಲ್ಲಿಯೇ ಒಂದು ವಿಲಕ್ಷಣವಿದೆ. ಮೊದಲಿನ ಕಲ್ಯಾಣಸ್ವಾಮಿ ಅದಕ್ಕೆ ಮುಂಚೆಯೇ ಸೆರೆಯಾಗಿದ್ದನು. ಅವನ ಹೆಸರನ್ನು ಹೊತ್ತು ಮುಂದೆ ಬಂದು ನೇಣಿಗೇರಿದವನು ಪುಟ್ಟಬಸಪ್ಪ. ಹೀಗೆ ಜನರ ನೆನಪು ಸತ್ತವನನ್ನು ಬಿಟ್ಟು ಅವನು ಧರಿಸಿದ ಹೆಸರನ್ನು ಉಳಿಸಿಕೊಂಡಿತು. ‘ಕಾಟಕಾಯಿ’ ಎಂಬ ಮಾತಿನಲ್ಲಿ ಗಲಭೆಯ, ಹಗುರತನದ ಧ್ವನಿಯಿದೆ. ಇದು ಗೆದ್ದವರ ಮಾತು, ಇದನ್ನು ತೊರೆಯಬೇಕು ಎಂಬ ವಾದವನ್ನು ಸುಲಭವಾಗಿ ಅಲ್ಲಗಳೆಯುವಂತಿಲ್ಲ. ಆದರೂ ದಂಡು ಯಾರದೇ ಆಗಲಿ, ಅದು ಹಾದುಹೋಗುವಾಗ ಬಾಗಿಲು ಮುಚ್ಚಿಕೊಂಡು ಕುಳಿತ ಮನೆಗಳವರ ಅನುಭವಕ್ಕೆ ಒಪ್ಪುವ ಮಾತೂ ಅದೇ. ಅದನ್ನು ಅಳಿಸಿದರೆ ಆ ಮನೆಗಳ ಅಂಜಿಕೆಯೂ ಅಳಿಸಿಹೋಗುತ್ತದೆ.

ಘಟ್ಟದ ಮೇಲೆ ನೆನಪು ಇನ್ನೂ ಕಷ್ಟವಾದುದು. ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅದೇ ದಂಗೆಯನ್ನಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿಯು ಚಿನ್ನದ, ಬೆಳ್ಳಿಯ ಪದಕಗಳನ್ನಿತ್ತಿತು. ಆ ಪದಕದ ಒಂದು ಮುಖದ ಮೇಲೆ ಕೊಡಗಿನ ಯೋಧನ ರೂಪವೂ ಕನ್ನಡದ ಅಕ್ಷರಗಳೂ ಇವೆ. ಕಂದಾಯದ ವಿನಾಯಿತಿಯನ್ನು ಸಾರಿದ ದಂಗೆಯವರ ನಿರೂಪಗಳೂ ಕನ್ನಡದಲ್ಲಿಯೇ ಹೊರಟವು. ಒಂದೇ ಭಾಷೆ ಎರಡು ಪಕ್ಷಗಳಿಗೂ ಸಾಕ್ಷಿ ನುಡಿದಿರುವಾಗ, ಒಬ್ಬರನ್ನು ವೀರರೆಂದೂ ಮತ್ತೊಬ್ಬರನ್ನು ದ್ರೋಹಿಗಳೆಂದೂ ತೀರ್ಪಿತ್ತು ಮುಗಿಸುವ ಬರಹ ಚರಿತ್ರೆಯೂ ಆಗಲಾರದು, ಕಾವ್ಯವೂ ಆಗಲಾರದು.

ನಮ್ಮ ಕಾದಂಬರಿಕಾರರು ಏನು ಮಾಡಿದರು? 1956ರಲ್ಲಿ ಪ್ರಕಟವಾಗಿ 1983ರ ಜ್ಞಾನಪೀಠ ಗೌರವವನ್ನು ಪಡೆದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ ದೃಷ್ಟಿ ಅರಸನ ಪತನದ ಮೇಲಿದೆ, ಅವನ ಪ್ರಜೆಗಳು ಮೂರು ವರ್ಷಗಳ ತರುವಾಯ ಎರಡು ಹೋಳಾದ ಸಂಗತಿ ಅದರ ವಸ್ತುವಲ್ಲ. ಆ ಕೊರತೆಯನ್ನು ತುಂಬಲೆತ್ನಿಸಿದವರು, ಇಂದು ಕಡಬ ತಾಲ್ಲೂಕಿಗೆ ಸೇರಿರುವ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು. ಕಯ್ಯೂರಿನ ರೈತರನ್ನು ಕುರಿತು ‘ಚಿರಸ್ಮರಣೆ’ಯನ್ನು ಬರೆದ ಲೇಖನಿಯೇ ‘ಕಲ್ಯಾಣಸ್ವಾಮಿ’ಯನ್ನೂ ಬರೆದುದರಿಂದ, ದಂಗೆಯು ದೊಂಬಿಯೆಂಬ ಅಪವಾದದಿಂದ ಬಿಡುಗಡೆ ಹೊಂದಿತು. ಇದು ಸಣ್ಣ ಉಪಕಾರವಲ್ಲ. ಆದರೆ ಪದಕ ಪಡೆದವನ ಮನಸ್ಸನ್ನು ಒಳಹೊಕ್ಕು ನೋಡುವ ಕೃತಿಗೆ ಇನ್ನೂ ಎಡೆಯಿದೆ.

ಈಗ ನೆನಪು ಪುಸ್ತಕದಿಂದ ಬೀದಿಗೆ ಬಂದಿದೆ. ನಾಯಕ ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆ 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು. ಬಹುಕಾಲ ಮರೆವಿನಲ್ಲಿದ್ದವನಿಗೆ ಈ ಮನ್ನಣೆ ಸಲ್ಲತಕ್ಕದ್ದೇ. ಆದರೆ ಆ ದಂಗೆಯಲ್ಲಿ ಗೌಡರೊಡನೆ ಜೈನ ಮನೆತನದ ಬಂಗರಸನಿದ್ದನು, ಕಾಡಿನ ಕುಡಿಯರಿದ್ದರು. ಒಂದು ಕುಲದ ಹೆಮ್ಮೆಯಾಗಿ ನೆನಪನ್ನು ಕುಗ್ಗಿಸಿದರೆ ಉಳಿದವರು ಎರಡನೆಯ ಸಲ ಸೋತಂತೆ. ಮುಂದೆ ಈ ವಸ್ತುವನ್ನು ಕೈಗೊಳ್ಳುವ ಲೇಖಕರು ಬೆಳ್ಳಾರೆಯ ರೈತನನ್ನೂ ಮಡಿಕೇರಿಯ ಸಿಪಾಯಿಯನ್ನೂ ಒಂದೇ ಪುಟದಲ್ಲಿ, ಒಂದೇ ಮಮತೆಯಿಂದ ನಿಲ್ಲಿಸಬೇಕು. ಅದಾಗುವವರೆಗೆ ಈ ದಂಗೆಯ ಸಾಹಿತ್ಯ ಅಪೂರ್ಣವೆಂದೇ ಹೇಳಬೇಕು.