ಹೆಣ ಮೊದಲು, ಕಾಗದ ಆಮೇಲೆ

ಹಳೆಯ ಕೊಲೆ ಕೇಸುಗಳನ್ನು ಓದುವ ಚಟ ಹತ್ತಿಸಿಕೊಂಡವರಲ್ಲಿ ಎರಡು ಪಂಗಡ. ಕೋರ್ಟಿನ ವಾದ, ಪಾಟೀಸವಾಲು, ತೀರ್ಪಿನ ದಿನದ ನಿಶ್ಶಬ್ದ ಇವಕ್ಕೆ ಮನಸೋತವರು ಒಂದು ಕಡೆ. ಅದಕ್ಕೂ ಮುಂಚೆ, ಸತ್ತವರನ್ನು ಇನ್ನೂ ಮಣ್ಣು ಮಾಡುವ ಮೊದಲೇ ಶುರುವಾಗುವ ವಿಚಾರಣೆಯ ಹಾಳೆಗಳನ್ನು ಹುಡುಕುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಗಡದವನು. ಕೋರ್ಟಿಗೆ ಬರುವಷ್ಟರಲ್ಲಿ ಸಾಕ್ಷಿಯ ನಾಲಿಗೆ ಪಳಗಿರುತ್ತದೆ. ಏನನ್ನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ವಕೀಲರು ತಿದ್ದಿರುತ್ತಾರೆ. ಮೊದಲ ವಿಚಾರಣೆಯಲ್ಲಿ ಮಾತ್ರ ಅಡುಗೆಯವಳು ಅಡುಗೆಯವಳ ಹಾಗೆಯೇ ಮಾತಾಡುತ್ತಾಳೆ. ಕೇಳದಿದ್ದದ್ದನ್ನೂ ಹೇಳುತ್ತಾಳೆ. ನನಗೆ ಬೇಕಾದದ್ದು ಅದೇ.

ಇಂಗ್ಲೆಂಡಿನಲ್ಲಿ ಈ ಮೊದಲ ವಿಚಾರಣೆ ಕಾರೊನರ್ ಎಂಬ ಅಧಿಕಾರಿಯದು. 1194ರಿಂದ ನಡೆದುಬಂದ ಹುದ್ದೆ. ಸಹಜವಲ್ಲದ ಸಾವು ಎಲ್ಲಿ ಆದರೂ ಆತ ಬಂದು ಆಸುಪಾಸಿನ ಗೃಹಸ್ಥರನ್ನು ಕನಿಷ್ಠ ಹನ್ನೆರಡು ಮಂದಿ ಕೂಡಿಸಿ ಪ್ರಮಾಣ ಮಾಡಿಸುತ್ತಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಅವನ ಕಚೇರಿ ಎಂದರೆ ಬಹುಪಾಲು ಊರಿನ ಹೆಂಡದ ಮನೆ. ಅಷ್ಟು ಜನ ಕೂರುವ ಜಾಗ ಊರಲ್ಲಿ ಇನ್ನೆಲ್ಲೂ ಇರುತ್ತಿರಲಿಲ್ಲ. ಇಡೀ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಒಂದಿದೆ. ಆ ಹನ್ನೆರಡು ಜನ ಹೆಣವನ್ನು ಕಣ್ಣಾರೆ ನೋಡಲೇಬೇಕಿತ್ತು. ನೋಡದೆ ಕೊಟ್ಟ ತೀರ್ಮಾನ ತೀರ್ಮಾನವೇ ಅಲ್ಲ. ಬೇಕರಿಯವನು, ಕಮ್ಮಾರ, ದಿನಸಿ ಅಂಗಡಿಯವನು ಸಾಲಾಗಿ ಹೋಗಿ ಹೆಣ ನೋಡಿ, ಮತ್ತೆ ಬಂದು ಬೆಂಚಿನ ಮೇಲೆ ಕೂತು, ಆಮೇಲೆ ಸಾಕ್ಷಿ ಕೇಳಬೇಕು. ಮೊದಲು ಹೆಣ, ಕಾಗದವೆಲ್ಲ ಆಮೇಲೆ.

ನಮ್ಮ ದೇಶದಲ್ಲಿ ಕಾರೊನರ್ ಇದ್ದದ್ದು ಕಲ್ಕತ್ತ, ಬೊಂಬಾಯಿಯಂಥ ಪ್ರೆಸಿಡೆನ್ಸಿ ನಗರಗಳಲ್ಲಿ. 1871ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಬಂತು. ನಮ್ಮ ಕಡೆಯವರಿಗೆ ಗೊತ್ತಿರುವುದು ಶವದ ಮಹಜರು. ಪೊಲೀಸರು ಬರೆದದ್ದಕ್ಕೆ ಪಂಚರು ರುಜು ಹಾಕುವುದು. ಪಂಚರು ಹೆಣದ ಮುಖ ನೋಡದೆ ರುಜು ಹಾಕಿದ್ದೂ ಉಂಟು ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ.

ಈ ವಾರ ಹೇಳಬೇಕೆಂದಿರುವುದು ಇಂಗ್ಲೆಂಡಿನ ನಾರ್‌ಫೋಕ್ ಸೀಮೆಯ ಸ್ಟ್ಯಾನ್‌ಫೀಲ್ಡ್ ಹಾಲ್ ಎಂಬ ದೊಡ್ಡ ಮನೆಯ ಕೇಸು. ಇದರ ಪೂರ್ತಿ ವರದಿ 1928ರಲ್ಲಿ ‘ನೋಟಬಲ್ ಬ್ರಿಟಿಷ್ ಟ್ರಯಲ್ಸ್’ ಮಾಲೆಯಲ್ಲಿ ಪುಸ್ತಕವಾಗಿ ಬಂತು. ನನ್ನ ಪ್ರತಿ ಸಿಕ್ಕಿದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಲೆಕ್ಕಶಾಸ್ತ್ರದ ಗೈಡುಗಳ ಅಡಿಯಲ್ಲಿ. ಹುಳು ಹೊಡೆದಿತ್ತು. ಅಂಗಡಿಯವನು ‘ಲಾ ಪುಸ್ತಕ ಸಾರ್, ರೇಟು ಜಾಸ್ತಿ’ ಎಂದ. ಚೌಕಾಸಿ ಮಾಡಿದೆ, ಈಗ ನೆನೆದರೆ ಅವನು ಕೇಳಿದಷ್ಟನ್ನು ಕೊಡಬಹುದಿತ್ತು ಅನ್ನಿಸುತ್ತದೆ.

ಮನೆಯ ಯಜಮಾನ ಐಸಾಕ್ ಜರ್ಮಿ. ನಾರಿಚ್ ನಗರದ ರೆಕಾರ್ಡರ್, ಅಂದರೆ ಅಲ್ಲಿನ ಕೋರ್ಟಿನಲ್ಲಿ ಕೂರುವ ನ್ಯಾಯಾಧಿಕಾರಿ. ಹುಟ್ಟಿದ ಹೆಸರು ಪ್ರೆಸ್ಟನ್; ಆಸ್ತಿ ಕೈಗೆ ಬಂದ ಮೇಲೆ 1838ರಲ್ಲಿ ಜರ್ಮಿ ಎಂದು ಬದಲಿಸಿಕೊಂಡ. ಆ ಆಸ್ತಿ ನಿಜವಾಗಿ ನಮ್ಮದು ಎನ್ನುವವರೂ ಇದ್ದರು. ಥಾಮಸ್ ಜರ್ಮಿ ಎಂಬ ಬಡವ, ಅವನ ಪರವಾಗಿ ಓಡಾಡುವ ಜಾನ್ ಲಾರ್ನರ್. ಅದೇ 1838ರಲ್ಲಿ ಲಾರ್ನರ್ ಗುಂಪು ಕಟ್ಟಿಕೊಂಡು ಬಂದು ಮನೆಯನ್ನೇ ಆಕ್ರಮಿಸಿದ್ದ. ಸೈನಿಕರು ಬಂದು ಅವರನ್ನು ಹೊರಗೆಳೆಯಬೇಕಾಯಿತು. ಹೀಗೆ ಹೆಸರಿನ ಜಗಳ ಊರಿಗೆಲ್ಲ ಗೊತ್ತಿದ್ದ ಜಗಳ. ಇದನ್ನು ನೆನಪಿನಲ್ಲಿಡಿ.

ಗೇಣಿದಾರ ಜೇಮ್ಸ್ ಬ್ಲೂಮ್‌ಫೀಲ್ಡ್ ರಶ್. ಹಾಲ್‌ನಿಂದ ಒಂದು ಮೈಲಿಯಷ್ಟು ದೂರದ ಪೊಟ್ಯಾಶ್ ಫಾರ್ಮ್‌ನಲ್ಲಿ ಅವನ ವಾಸ. ಮಾತುಗಾರ, ವ್ಯಾಜ್ಯಗಾರ. ಆ ಫಾರ್ಮ್ ಹರಾಜಿಗೆ ಬಂದಾಗ ಜರ್ಮಿ ತನ್ನ ಪರವಾಗಿ ಕೂಗಲು ಇವನನ್ನೇ ಕಳಿಸಿದ್ದ. ಇವನು ಯಜಮಾನ ಹೇಳಿದ ಮಿತಿ ದಾಟಿ ಕೂಗಿ ತನಗೇ ಕೊಂಡುಕೊಂಡು ಬಂದ. ಅದಕ್ಕೆ ಸಾಲ ಕೊಟ್ಟವನೂ ಜರ್ಮಿಯೇ! ಅಡಮಾನದ ಮೊತ್ತ ಕೊನೆಗೆ 5,000 ಪೌಂಡಿಗೆ ಮುಟ್ಟಿತ್ತು. ವಾಯಿದೆ ಮುಗಿಯುವುದು 1848ರ ನವೆಂಬರ್ 30ಕ್ಕೆ.

ನವೆಂಬರ್ 28, ಮಂಗಳವಾರ. ರಾತ್ರಿ ಎಂಟು ಗಂಟೆ ದಾಟಿತ್ತು. ಊಟವಾದ ಮೇಲೆ ಬಾಗಿಲ ಚಾವಡಿಗೆ ಹೋಗಿ ನಿಲ್ಲುವುದು ಹಿರಿಯ ಜರ್ಮಿಯ ಅಭ್ಯಾಸ. ಅಲ್ಲಿಯೇ, ತೀರಾ ಹತ್ತಿರದಿಂದ ಎದೆಗೆ ಗುಂಡು ಬಿತ್ತು. ಒಳಗೆ ಮಗ ಹೆಂಡತಿಯ ಜೊತೆ ಇಸ್ಪೀಟಿಗೆ ಕೂರುವುದರಲ್ಲಿದ್ದ. ಸದ್ದು ಕೇಳಿ ಹಜಾರಕ್ಕೆ ಬಂದವನು ಅಲ್ಲೇ ಬಿದ್ದ. ಅವನ ಹಿಂದೆ ಓಡಿ ಬಂದ ಹೆಂಡತಿ ಸೊಫಾಯಾಳ ತೋಳಿಗೆ ಏಟು ಬಿತ್ತು. ಆ ತೋಳನ್ನು ಆಮೇಲೆ ಕತ್ತರಿಸಬೇಕಾಯಿತು. ಒಡತಿಯನ್ನು ಹಿಡಿದುಕೊಳ್ಳಲು ಬಂದ ಸೇವಕಿ ಎಲೈಜಾ ಚೆಸ್ಟ್ನಿಯ ಕಾಲಿಗೂ ಗುಂಡು ತಗುಲಿತು. ಗಾಡಿ ಹೊಡೆಯುವವನು ಮನೆಯ ಸುತ್ತಲಿನ ಕಂದಕವನ್ನು ಈಜಿ ದಾಟಿ, ಕುದುರೆ ಹಿಡಿದು ಊರಿಗೆ ಸುದ್ದಿ ಮುಟ್ಟಿಸಿದ. ಊರಿನ ಹೆಸರನ್ನು ಬರೆಯುವುದು ವೈಮಂಡ್‌ಹ್ಯಾಮ್ ಎಂಬಂತೆ, ಕರೆಯುವುದು ವಿಂಡಮ್ ಎಂದು. ಇಂಗ್ಲಿಷರ ಊರ ಹೆಸರುಗಳ ತಮಾಷೆ ಇನ್ನೊಂದು ವಾರಕ್ಕೆ ಇರಲಿ.

ಕೊಲೆಗಾರ ಮೈಮೇಲೆ ದೊಡ್ಡ ಅಂಗಿ ಹೊದ್ದಿದ್ದ. ಕೃತಕ ಕೂದಲು, ಕೃತಕ ಮೀಸೆ-ಗಡ್ಡ. ಹೋಗುವಾಗ ಹಜಾರದಲ್ಲಿ ಕಾಗದದ ಚೀಟಿಗಳನ್ನು ಬೀಳಿಸಿ ಹೋದ: ನಾವು ಬಹಳ ಜನ ಬಂದಿದ್ದೇವೆ, ಸೇವಕರು ಅಡ್ಡ ಬಂದರೆ ಸಾಯುತ್ತಾರೆ ಎಂಬ ಅರ್ಥದ ಮಾತು, ಕೆಳಗೆ ಮನೆಯ ನಿಜವಾದ ಒಡೆಯ ಎಂದು ಥಾಮಸ್ ಜರ್ಮಿಯ ರುಜು. ಹತ್ತು ವರ್ಷದ ಹಿಂದಿನ ಆಕ್ರಮಣ ಎಲ್ಲರಿಗೂ ನೆನಪಿತ್ತಲ್ಲ. ಅನುಮಾನ ನೆಟ್ಟಗೆ ಆ ಕಡೆಗೆ ಹರಿಯಲಿ ಎಂಬ ಹಂಚಿಕೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿ ಬೆಳೆದ ನಮ್ಮಂಥವರಿಗೆ ಇಂಥ ಚೀಟಿ ಕಂಡರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಚೀಟಿಯಲ್ಲಿ ಒಂದು ಎಡವಟ್ಟು. ಥಾಮಸ್ ಜರ್ಮಿಗೆ ಬರೆಯಲು ಬರುತ್ತಿರಲಿಲ್ಲ. ಆ ಮುದುಕ ಸಾಕ್ಷಿಕಟ್ಟೆಗೆ ಬಂದು ಅದನ್ನು ತಾನೇ ಹೇಳಿದ.

ರಶ್‌ನ ಇಡೀ ಯೋಜನೆಯೇ ಕಾಗದದ ಯೋಜನೆ. ಕೊಲೆಗೆ ಮುಂಚೆ ಅವನು ಜರ್ಮಿಯ ಹೆಸರಿನಲ್ಲಿ ಸುಳ್ಳು ಕರಾರುಪತ್ರಗಳನ್ನು ಸಿದ್ಧಮಾಡಿಟ್ಟಿದ್ದ: ಸಾಲದ ವಾಯಿದೆ ಮುಂದಕ್ಕೆ ಹೋಗಿದೆ, ಗೇಣಿ ಮುಂದುವರಿದಿದೆ ಎಂದು. ಅದಕ್ಕೂ ಹಿಂದೆ ಜರ್ಮಿಯ ಆಸ್ತಿಯ ಹಕ್ಕನ್ನೇ ಪ್ರಶ್ನಿಸಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದ. ಜೈಲಿನಲ್ಲಿದ್ದುಕೊಂಡೂ ಬಿಡಲಿಲ್ಲ, ಇವತ್ತು ಹುರಿದ ಹಂದಿಮರಿ ಬೇಕು, ಸಾಸ್ ಧಾರಾಳವಾಗಿರಲಿ ಎಂದು ಹೋಟೆಲಿನವನಿಗೆ ಚೀಟಿ ಬರೆದು ಕಳಿಸಿದ ಭೂಪ. ಕೊಲೆಗೆ ಮುಂಚೆಯೇ ತನ್ನ ಮನೆಯಿಂದ ಹುಲ್ಲುಗಾವಲಿನವರೆಗೆ, ಹೆಜ್ಜೆ ಗುರುತು ಮೂಡದಂತೆ ದಾರಿಯುದ್ದಕ್ಕೂ ಒಣಹುಲ್ಲು ಹಾಸಿಸಿದ್ದ. ನೆಲಕ್ಕೆ ಹುಲ್ಲು, ಮುಖಕ್ಕೆ ಕೂದಲು, ಸಾಲಕ್ಕೆ ಕಾಗದ. ಮುಚ್ಚದೆ ಬಿಟ್ಟದ್ದು ಒಂದನ್ನೇ.

ಅವನ ಮೈಯ ನಿಲುವು.

ಎಲೈಜಾ ಚೆಸ್ಟ್ನಿ ಆ ಮನೆಗೆ ಬಂದು ಹೋಗುತ್ತಿದ್ದ ರಶ್‌ನನ್ನು ಎಷ್ಟೋ ಸಲ ನೋಡಿದ್ದವಳು. ಮುಖ ಕಾಣಲಿಲ್ಲ ನಿಜ. ಆದರೆ ಆ ಭುಜ, ಕತ್ತು ಹಿಡಿಯುವ ಆ ರೀತಿ, ಮೈಯ ಆ ಗಾತ್ರ ಇನ್ನೊಬ್ಬರದ್ದಾಗಲು ಸಾಧ್ಯವಿಲ್ಲ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಬಟ್ಲರ್ ವಾಟ್ಸನ್ ಕೂಡ ಹೆಚ್ಚುಕಡಿಮೆ ಅದೇ ಮಾತು ಹೇಳಿದ. ಮನೆಗೆಲಸದವರ ಕಣ್ಣು ಎಂಥದ್ದು ಎಂದು ದೊಡ್ಡ ಮನೆಗಳಲ್ಲಿ ಇದ್ದವರಿಗೆ ಗೊತ್ತು. ಬಾಗಿಲ ಬಳಿ ಕಾಯುತ್ತ ನಿಂತವಳಿಗೆ ನೋಡುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಯಾರ ಹೆಜ್ಜೆ ಯಾರದೆಂದು ಕತ್ತಲಲ್ಲೂ ಹೇಳುತ್ತಾಳೆ. ನೆರಳಿನ ಹಾಗೆ ನಿಂತ ಈ ಜನರ ಲೆಕ್ಕವನ್ನು ರಶ್ ಹಿಡಿಯಲೇ ಇಲ್ಲ.

ಮಾರನೆಯ ಬೆಳಗಿಗೇ ರಶ್ ಪೊಲೀಸರ ಕೈಯಲ್ಲಿದ್ದ. ಕಾರೊನರ್ ವಿಚಾರಣೆ ವೈಮಂಡ್‌ಹ್ಯಾಮ್‌ನಲ್ಲಿ ಕೂಡಿತು. ಜ್ಯೂರಿಯ ಮಂದಿ ಆ ಕಂದಕದ ಮನೆಗೆ ಹೋಗಿ ಅಪ್ಪ-ಮಗನ ಹೆಣ ನೋಡಿದರು. ಕೊನೆಗೆ ಕೊಟ್ಟ ತೀರ್ಮಾನ: ರಶ್ ಬೇಕೆಂದೇ ಮಾಡಿದ ಕೊಲೆ. ಇಲ್ಲಿ ಒಂದು ವಿಶೇಷ ಗಮನಿಸಿ. ಅಂದಿನ ಕಾರೊನರ್ ಜ್ಯೂರಿ ಕೊಲೆಗಾರನ ಹೆಸರನ್ನೇ ಹೇಳಬಹುದಿತ್ತು, ಹೇಳಿದರೆ ಸಾಕು ಅವನನ್ನು ಸೆಷನ್ಸಿಗೆ ಒಪ್ಪಿಸಬಹುದಿತ್ತು. ಈ ಅಧಿಕಾರ ಬಹಳ ಕಾಲ ಉಳಿಯಿತು. 1975ರಲ್ಲಿ ಲಾರ್ಡ್ ಲೂಕನ್ ಎಂಬ ತಲೆಮರೆಸಿಕೊಂಡ ಶ್ರೀಮಂತನ ಹೆಸರು ಹೀಗೆ ಬಂದು ಗದ್ದಲವಾದ ಮೇಲೆ, 1977ರಲ್ಲಿ ಅದನ್ನು ಕಿತ್ತುಹಾಕಿದರು. ಆರೋಪಿಯ ವಾದ ಕೇಳದೆ ಹೆಸರು ಹಿಡಿಯುವುದು ಅನ್ಯಾಯವೇ. ಒಪ್ಪುತ್ತೇನೆ. ಆದರೂ ಓದುಗನಾಗಿ ನನಗೆ ಸ್ವಲ್ಪ ಬೇಸರವಾಯಿತು.

ಕಾರೊನರ್ ವಿಚಾರಣೆ ಯಾವಾಗಲೂ ಸತ್ಯ ಹಿಡಿಯುತ್ತದೆ ಎಂದು ನಾನು ಹೇಳಿದರೆ ಅದು ಮೋಹದ ಮಾತಾದೀತು. 1844ರಲ್ಲಿ ಇದೇ ರಶ್‌ನ ಮನೆಯಲ್ಲಿ ಅವನ ಮಲತಂದೆ ಗುಂಡೇಟಿನಿಂದ ಸತ್ತಿದ್ದ. ಬಂದೂಕು ರಶ್‌ನದ್ದೇ. ನೋಡುತ್ತಿದ್ದಾಗ ತಾನಾಗಿ ಹಾರಿತು ಎಂದು ಹೇಳಿಕೆ. ಆಕಸ್ಮಿಕ ಎಂದು ತೀರ್ಮಾನ. ಆಗಲೂ ಹೆಣ ನೋಡಿಯೇ ತೀರ್ಮಾನ ಕೊಟ್ಟದ್ದು. ಆ ಕೋಣೆಯಲ್ಲಿ ಮಾತ್ರ ಒಬ್ಬ ಎಲೈಜಾ ಇರಲಿಲ್ಲ.

ಇನ್ನು ಎಮಿಲಿ ಸ್ಯಾಂಡ್‌ಫರ್ಡ್. ರಶ್ ಹೆಂಡತಿ ಸತ್ತವನು, ಮಕ್ಕಳಿದ್ದವು. ಮಕ್ಕಳಿಗೆ ಪಾಠ ಹೇಳಲು ಬಂದ ಎಮಿಲಿ ಅವನ ಜೊತೆಗಾತಿಯಾಗಿ ಉಳಿದಿದ್ದಳು. ಮದುವೆಯಾಗುತ್ತೇನೆ ಎಂದು ಅವನು ಹೇಳುತ್ತ ಬಂದಿದ್ದ, ಆಗಿರಲಿಲ್ಲ. ಸುಳ್ಳು ಕರಾರುಗಳಿಗೆ ಸಾಕ್ಷಿ ರುಜು ಹಾಕಿದವಳೂ ಇವಳೇ. ಅವತ್ತು ರಾತ್ರಿ ರಶ್ ಹೊರಗೆ ಹೋದದ್ದು ಹತ್ತು ನಿಮಿಷ ಅಷ್ಟೇ ಎಂಬಂತೆ ಮೊದಮೊದಲು ಹೇಳಿದಳು. ಆಮೇಲೆ ಮಾತು ಬದಲಾಯಿತು. ಅವನು ಹೋಗಿ ಬಂದದ್ದಕ್ಕೆ ಒಂದೂವರೆ ಗಂಟೆಗೂ ಮೇಲಾಗಿತ್ತು. ಯಾರಾದರೂ ಕೇಳಿದರೆ ಹತ್ತು ನಿಮಿಷ ಎನ್ನು ಎಂದು ಅವನೇ ಹೇಳಿಕೊಟ್ಟಿದ್ದ. ನಡುರಾತ್ರಿ ಅವಳ ಕೋಣೆಗೆ ಬಂದಾಗ ಅವನು ನಡುಗುತ್ತಿದ್ದ. ಸಾಕ್ಷಿ ತಿರುಗಿದರೆ ನಮ್ಮ ಕೋರ್ಟುಗಳಲ್ಲಿ ಕೇಸು ಬೀಳುತ್ತದೆ. ಇಲ್ಲಿ ತಿರುಗಿದ್ದರಿಂದ ಕೇಸು ನಿಂತಿತು.

1849ರ ಮಾರ್ಚ್ ಕೊನೆಗೆ ನಾರಿಚ್‌ನಲ್ಲಿ ನ್ಯಾಯಮೂರ್ತಿ ಬ್ಯಾರನ್ ರೋಲ್ಫ್ ಮುಂದೆ ಖಟ್ಲೆ ಶುರುವಾಗಿ ಆರು ದಿನ ನಡೆಯಿತು. ವಕೀಲ ಬೇಡವೆಂದು ರಶ್ ತಾನೇ ವಾದಿಸಿದ. ಎಮಿಲಿಯನ್ನು ತಾನೇ ಪಾಟೀಸವಾಲು ಮಾಡಿದ. ಆ ಪುಟಗಳನ್ನು ಒಂದೇ ಬಾರಿಗೆ ಓದಲು ನನ್ನಿಂದ ಆಗಲಿಲ್ಲ. ಗುಂಡೇಟು ಇನ್ನೂ ಮಾಯದ ಎಲೈಜಾಳನ್ನು ಮಂಚದಂಥ ಡೋಲಿಯಲ್ಲಿ ಹೊತ್ತು ತಂದರು. ಮಲಗಿದಲ್ಲಿಂದಲೇ ಅವಳು ಅದೇ ಮಾತು ಹೇಳಿದಳು: ಆ ಭುಜ, ಆ ಕತ್ತು. ಶಿಕ್ಷೆ ಹೇಳುವಾಗ ರೋಲ್ಫ್ ಒಂದು ಸೂಕ್ಷ್ಮ ಎತ್ತಿದರು. ಕೊಟ್ಟ ಮಾತಿನಂತೆ ಎಮಿಲಿಯನ್ನು ಮದುವೆಯಾಗಿದ್ದರೆ ಅವಳು ನಿನ್ನ ವಿರುದ್ಧ ಸಾಕ್ಷಿ ಹೇಳುವಂತೆಯೇ ಇರಲಿಲ್ಲ, ಹೆಂಡತಿಯ ಬಾಯನ್ನು ಕಾನೂನೇ ಕಟ್ಟುತ್ತಿತ್ತು, ಎಂದು. ಇಷ್ಟೊಂದು ಕಾಗದ ಹುಟ್ಟಿಸಿದವನು ಬೇಕಾದ ಒಂದೇ ಒಂದು ಕಾಗದಕ್ಕೆ ಕೈ ಹಾಕಿರಲಿಲ್ಲ.

ಏಪ್ರಿಲ್ 21, ಶನಿವಾರ, ನಾರಿಚ್ ಕೋಟೆಯ ಮುಂದೆ ಸಾವಿರಾರು ಜನರ ಎದುರು ರಶ್‌ಗೆ ಗಲ್ಲಾಯಿತು. ಅದಕ್ಕೆ ಮುಂಚೆಯೇ, ಜನವರಿಯಲ್ಲಿ, ಚಾರ್ಲ್ಸ್ ಡಿಕನ್ಸ್ ಗೆಳೆಯರ ಜೊತೆ ಬಂದು ಆ ಮನೆ ನೋಡಿಕೊಂಡು ಹೋಗಿದ್ದ. ರಶ್‌ನ ಕಥೆಯ ಬೀದಿ ಕರಪತ್ರಗಳು 25 ಲಕ್ಷ ಖರ್ಚಾದವು ಎಂದು ಲಂಡನ್ನಿನ ಬಡವರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ ಲೆಕ್ಕ ಕೊಟ್ಟಿದ್ದಾನೆ. ಮದಾಂ ಟುಸ್ಸಾಡ್‌ನವರು ಮೇಣದ ಬೊಂಬೆ ಮಾಡಿಸಿ ನಿಲ್ಲಿಸಿದರು.

ಸ್ಟಾಫರ್ಡ್‌ಶೈರಿನ ಕುಂಬಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ಟ್ಯಾನ್‌ಫೀಲ್ಡ್ ಹಾಲ್, ಪೊಟ್ಯಾಶ್ ಫಾರ್ಮ್ ಎರಡನ್ನೂ ಪುಟ್ಟ ಪಿಂಗಾಣಿ ಮನೆಗಳಾಗಿ ಮಾಡಿ ಮಾರಿದರು, ಮನೆಯ ಬೆಂಕಿಗೂಡಿನ ಮೇಲಿನ ಹಲಗೆಗೆ ಅಲಂಕಾರಕ್ಕೆಂದು. ಜೊತೆಗೆ ರಶ್ ಮತ್ತು ಎಮಿಲಿಯ ಬೊಂಬೆಗಳು. ನಮ್ಮ ದಸರಾ ಪಟ್ಟದ ಬೊಂಬೆಗಳ ಹಾಗೆ, ಜೋಡಿಯಾಗಿ ಕೊಳ್ಳುವಂಥವು: ಅವನು ಒಂದು ಬದಿಗೆ, ಅವಳು ಇನ್ನೊಂದು ಬದಿಗೆ.