ತಂಪು ಗಾಳಿಯ ಕೊಳವೆ: ಲಾಭವೆಷ್ಟು?

ಹಿರೇಗುಂಟನೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಪೆಟ್ರೋಲ್ ಕಾರಿನ ಏರ್ ಫಿಲ್ಟರ್ ಪೆಟ್ಟಿಗೆ ತೆಗೆಸಿ, 'ಕೋಲ್ಡ್ ಏರ್ ಇನ್‌ಟೇಕ್' ಎಂಬ ಲೋಹದ ಕೊಳವೆ ಹಾಕಿಸಿದ್ದಾನೆ. "ಪಿಕಪ್ ಜಾಸ್ತಿಯಾಗಿದೆ ಸಾರ್" ಎಂದ. ನಿಜವೇ?

ತತ್ತ್ವವೇನೋ ಸರಿ. ಒತ್ತಡ ಬದಲಾಗದಿದ್ದರೆ ಗಾಳಿಯ ಸಾಂದ್ರತೆ ನಿರಪೇಕ್ಷ ತಾಪಕ್ಕೆ ವಿಲೋಮಾನುಪಾತದಲ್ಲಿರುತ್ತದೆ. 55 ಡಿಗ್ರಿ ಸೆಲ್ಸಿಯಸ್ (328 ಕೆಲ್ವಿನ್) ಗಾಳಿಯ ಬದಲು 35 ಡಿಗ್ರಿಯ (308 ಕೆಲ್ವಿನ್) ಗಾಳಿ ಬಂದರೆ ಅಷ್ಟೇ ಗಾತ್ರದಲ್ಲಿ ಸುಮಾರು ಶೇ. 6.5ರಷ್ಟು ಹೆಚ್ಚು ಆಕ್ಸಿಜನ್. ಆದರೆ ಬಹುಪಾಲು ಕಾರುಗಳ ಮೂಲ ಕೊಳವೆಯೂ ಮುಂಭಾಗದಿಂದ ಹೊರಗಾಳಿಯನ್ನೇ ಎಳೆಯುತ್ತದೆ. ಉಳಿಯುವ ವ್ಯತ್ಯಾಸ ಐದಾರು ಡಿಗ್ರಿಯಾದರೆ ಲಾಭ ಶೇ. 2ನ್ನು ಮುಟ್ಟದು. ಅದೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ. ಉಳಿದ ಹೊತ್ತು ಗಾಳಿಯನ್ನು ತಡೆದಿಡುವುದೇ ಥ್ರಾಟಲ್ ಕವಾಟ.

ಇವನ ಫಿಲ್ಟರ್ ಇರುವುದು ಬಾನೆಟ್ಟಿನೊಳಗೆ, ಯಾವ ಮರೆಯೂ ಇಲ್ಲದೆ, ರೇಡಿಯೇಟರಿನ ಹಿಂದೆ. ಹೆಸರು ತಂಪು, ಎಳೆಯುವುದು ಬಿಸಿ! ನಿಜವಾಗಿ ಹೆಚ್ಚಿರುವುದು ಸದ್ದು. ಮೂಲ ಪೆಟ್ಟಿಗೆಯ ಜೊತೆ ಸದ್ದಡಗಿಸುವ ಅನುನಾದಕವೂ ಹೋಗಿದೆ. ಕಿವಿಗೆ ಕೇಳಿದ್ದನ್ನು ಅವನು ವೇಗವೆಂದು ಓದಿಕೊಂಡಿದ್ದಾನೆ.

ನನ್ನ ಮುಖ್ಯ ಆಕ್ಷೇಪ ಧೂಳಿನದು. ಅದಿರು ಲಾರಿಗಳು ಓಡಾಡುವ ಸೀಮೆ ನಮ್ಮದು. ಸಿಲಿಕಾ ಕಣ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಒಳಹೊಕ್ಕರೆ ಪಿಸ್ಟನ್ ರಿಂಗನ್ನು ಸವೆಸುತ್ತದೆ. ಮಡಿಕೆ ಕಾಗದದ ಮೂಲ ಫಿಲ್ಟರಿಗಿಂತ ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಸಾಮಾನ್ಯವಾಗಿ ಸಣ್ಣ ಕಣಗಳನ್ನು ಹೆಚ್ಚು ಬಿಡುತ್ತದೆ. ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಬಿಸಿತಂತಿಗೂ ಅಂಟಿ ಅಳತೆ ಕೆಡುತ್ತದೆ.

ಬಾನೆಟ್ ಮುಚ್ಚಿ, ಒಂದೇ ಏರಿನಲ್ಲಿ ಎರಡನ್ನೂ ಹಾಕಿ ಓಡಿಸಿ, ಒಳಬರುವ ಗಾಳಿಯ ತಾಪ ಬರೆದುಕೊ ಎಂದಿದ್ದೇನೆ. ಹಳೆಯ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆಯಂತೆ.